ಬೆಸಾಂವ್ ಕೇಳದ ಮಗಳು

ಆ ಶುಕ್ರವಾರ ನಾನು ಇಡ್ಲಿಯಂಥ ನಮ್ಮ ಸನ್ನಣಕ್ಕೆ ಅಕ್ಕಿ, ಉದ್ದು ರುಬ್ಬುತ್ತಿದ್ದೆ. ಗ್ರೈಂಡರಿನ ಸದ್ದಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡದ್ದು ಕೇಳಿಸಿರಲಿಲ್ಲ. ಮೂರನೆಯ ಸಲ ತೆಗೆದರೆ, ಇಗರ್ಜಿಯಲ್ಲಿ ಮಗಳಿಗೆ ಧರ್ಮಪಾಠ ಹೇಳುವ ಟೀಚರು. ಇಲ್ಲಿ ಗಲ್ಫಿನ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಊರ ಕಡೆಯವರೇ.

"ಅಕ್ಕ, ಗ್ರೈಂಡರ್ ಬಂದ್ ಮಾಡಿ ಸ್ವಲ್ಪ ಕೂತ್ಕೊಳ್ಳಿ," ಎಂದರು. "ಮಗಳು ನನ್ನೊಟ್ಟಿಗೇ ಇದ್ದಾಳೆ, ಹುಷಾರಿದ್ದಾಳೆ. ಅದನ್ನು ಮೊದಲು ಹೇಳ್ತೇನೆ."

ಆಮೇಲೆ ಉಳಿದದ್ದನ್ನು ಹೇಳಿದರು. ಕ್ವಾಯರಿನಲ್ಲಿ ಕೀಬೋರ್ಡ್ ನುಡಿಸುವವರು, ನಮ್ಮ ಮನೆಗೆ ಜಪಸರದ ಪ್ರಾರ್ಥನೆಗೆ ಬರುತ್ತಿದ್ದವರು, ಹಾಡಿನ ಪ್ರಾಕ್ಟೀಸ್ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಮುಟ್ಟಬಾರದ ಹಾಗೆ ಮುಟ್ಟಿದ್ದರು. ಒಂದು ಸಲ ಅಲ್ಲ.

ನನ್ನ ಕಣ್ಣೆದುರಿಗೆ ಬಂದದ್ದು ನಾನೇ ಮಾಡಿದ ಕೆಲಸ. ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಮುಗಿದೊಡನೆ ಮಕ್ಕಳು ಹಿರಿಯರೊಬ್ಬೊಬ್ಬರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಹಿರಿಯರು ತಲೆಯ ಮೇಲೆ ಕೈ ಇಡುತ್ತಾರೆ. ಹಿಂದಿನ ವಾರ ಆ ಮನುಷ್ಯನ ಸರದಿ ಬಂದಾಗ ನಾಲ್ಕನೆಯ ಕ್ಲಾಸಿನ ನನ್ನ ಮಗಳು ಪರದೆಯ ಹಿಂದೆ ಅಡಗಿದ್ದಳು. "ಎಂತ ನಾಚಿಕೆ ಇವಳಿಗೆ!" ಎಂದು ನಗುತ್ತಾ ತೋಳು ಹಿಡಿದು ಎಳೆದು ಅವರ ಮುಂದೆ ನಿಲ್ಲಿಸಿದ್ದೆ. "ದೊಡ್ಡವರ ಹತ್ರ ಕೇಳದಿದ್ರೆ ದೇವರಿಗೆ ಬೇಜಾರಾಗ್ತದೆ," ಎಂದೂ ಹೇಳಿದ್ದೆ. ಪಾಪ, ಕೇಳಿದ್ದಳು. ಈಗ ಅವಳು ನನ್ನನ್ನು ಬಿಟ್ಟು ಟೀಚರ ಹತ್ತಿರ ಯಾಕೆ ಹೋದಳೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೆದಕಿ ಕೆದಕಿ ಕೇಳ್ಬೇಡಿ," ಎಂದರು ಟೀಚರು. "ನಂಬಿದ್ದೇನೆ ಅನ್ನಿ, ನಿನ್ನ ತಪ್ಪಲ್ಲ ಅನ್ನಿ. ಸಾಕು."

ಟೀಚರು ಅವಳನ್ನು ಮನೆಗೆ ತಂದು ಬಿಟ್ಟಾಗ ಅಷ್ಟನ್ನೇ ಹೇಳಿದೆ. ಅವಳು ಟಿವಿ ನೋಡುತ್ತಲೇ "ಓಕೆ" ಎಂದಳು.

ಅವಾಲಿಯ ಕೆಲಸದಿಂದ ಗಂಡ ಓಡಿ ಬಂದರು. ಸಂಜೆ ಫಾದರ್ ಬಂದರು. ಇಗರ್ಜಿಯ ಮರ್ಯಾದೆ ಎಂದು ಶುರುಮಾಡುತ್ತಾರೋ ಎಂಬ ಭಯವಿತ್ತು. ಅವರು ಚಾ ಕೂಡ ಮುಟ್ಟಲಿಲ್ಲ. "ನಾನು ಕ್ಷಮೆ ಕೇಳ್ಲಿಕ್ಕೆ ಬಂದದ್ದು. ಅವರನ್ನು ಇವತ್ತೇ ಎಲ್ಲದರಿಂದ ನಿಲ್ಲಿಸಿದ್ದೇನೆ. ಪೊಲೀಸರಿಗೆ ಹೇಳುವಾಗ ನಾನೂ ಬರ್ತೇನೆ," ಎಂದರು, ಹೇಳಿದ ಹಾಗೆ ಬಂದರು ಕೂಡ. ಆ ದಿನ ದೇವರು ನನಗೆ ಕೊಟ್ಟದ್ದು ಅದು. ವಾರಕ್ಕೊಮ್ಮೆ ಮಗಳೊಡನೆ ಮಾತಾಡಲು ಮಕ್ಕಳ ಕೌನ್ಸೆಲರ್ ಒಬ್ಬರನ್ನು ಟೀಚರೇ ಹುಡುಕಿಕೊಟ್ಟರು, ಅದೂ ಒಂದು.

ಎಲ್ಲರೂ ಹಾಗಿರಲಿಲ್ಲ. ಪ್ರಾರ್ಥನಾ ಕೂಟದ ಹೆಂಗಸೊಬ್ಬಳು ಫೋನು ಮಾಡಿದಳು: "ಅವರ ವೀಸಾ ಹೋಗ್ತದಲ್ಲ ಮಾರಾಯ್ತಿ! ಹೆಂಡತಿ ಮಕ್ಕಳು ಎಲ್ಲಿಗೆ ಹೋಗ್ಬೇಕು? ಮಕ್ಕಳು ಏನೇನೋ ಹೇಳ್ತಾವೆ."

"ನನ್ನ ಮಗಳೂ ಇದೇ ಊರಲ್ಲಿ ಇರ್ಬೇಕಲ್ಲ ಮಾರಾಯ್ತಿ," ಎಂದು ಫೋನು ಇಟ್ಟೆ.

ಜಪಸರ ನಿಲ್ಲಿಸಲಿಲ್ಲ. ಮೊದಲ ಸಂಜೆಯೇ ಹೇಳಿದೆ: "ಇನ್ನು ಯಾರ ಹತ್ರವೂ ಬೆಸಾಂವ್ ಕೇಳ್ಲೇಬೇಕು ಅಂತ ಇಲ್ಲ ಪುಟ್ಟ. ನನ್ನ ಹತ್ರ ಕೂಡ. ಅವತ್ತು ನಿನ್ನನ್ನು ಎಳೆದದ್ದು ನನ್ನ ತಪ್ಪು."

"ದೇವರಿಗೆ ಬೇಜಾರಾಗುದಿಲ್ವಾ?"

"ಆಗಿದ್ರೆ ನನ್ನ ಮೇಲೆ."

ಅವಳು ಯೋಚಿಸಿ ಅಪ್ಪನ ಮುಂದೆ ಮಾತ್ರ ಕೈಮುಗಿದಳು. ಮರುದಿನವೂ ಹಾಗೇ. ತಿಂಗಳ ಮೇಲಾಯಿತು, ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದಳು. "ನಂಗೆ ಡಬಲ್ ಡ್ಯೂಟಿ ಬಿದ್ದಿದೆ," ಎಂದು ಗಂಡ ನಗಿಸಲು ನೋಡುತ್ತಿದ್ದರು. ಯಾಕೆಂದು ನಾನು ಅವಳನ್ನು ಕೇಳಲಿಲ್ಲ. ಕೇಳಬಾರದೆಂಬಷ್ಟನ್ನು ಕಲಿತಿದ್ದೆ.

ಒಂದು ಶನಿವಾರ ಸಂಜೆ ಅವಳು ನನ್ನ ಮುಂದೆ ಬಂದು ನಿಂತಳು.

"ಮಮ್ಮಿ, ಬೆಸಾಂವ್. ಆದ್ರೆ ಜಡೆ ಹಾಳು ಮಾಡ್ಬಾರ್ದು, ನಾನೇ ಹಾಕಿದ್ದು."

"ಕೈ ಇಡ್ಲಾ ಹಾಗಾದ್ರೆ?"

"ಮೆಲ್ಲ."

ಎರಡೇ ಬೆರಳು ಇಟ್ಟೆ. ಅವಳೇ ಹಾಕಿದ ಸೊಟ್ಟ ಜಡೆಯನ್ನೇ ನೋಡುತ್ತಾ ನಿಂತೆ. ಅವಳು ಕಾದು, ಕಾದು, "ಮಮ್ಮಿ, ಬೇಗ! ನಂಗೆ ಹೋಮ್‌ವರ್ಕ್ ಉಂಟು," ಎಂದಳು.

"ದೇವರು ಒಳ್ಳೇದು ಮಾಡ್ಲಿ," ಎಂದೆ. ಅವಳು ಓಡಿದಳು.

ಇಲ್ಲಿ ಭಾನುವಾರವೇ ಶಾಲೆ ಶುರು. ಅವಳ ಯೂನಿಫಾರ್ಮ್ ಇನ್ನೂ ಮುದ್ದೆಯಾಗಿಯೇ ಬಿದ್ದಿತ್ತು. ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ಬಿಸಿಗೆ ಇಟ್ಟೆ.