ಅಪ್ಪ ಹೇಳದೆ ಉಳಿದದ್ದು

ಅಪ್ಪ ವಾಡಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಹಳಿ ನೋಡಿಕೊಳ್ಳುವುದು ಅವರ ಕೆಲಸ. ಯಾರಾದರೂ ಗಾಡಿಗೆ ಸಿಕ್ಕು ಸತ್ತರೆ ಹೆಣ ಎತ್ತಲು ಕರೆಯುತ್ತಿದ್ದುದೂ ಅವರನ್ನೇ. ಅಂಥ ದಿನ ಕ್ವಾರ್ಟರ್ಸಿನ ಹೊರಗಿನ ನಲ್ಲಿಯಲ್ಲೇ ಸ್ನಾನ ಮಾಡಿ, ಉಣ್ಣದೆ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. “ಅಪ್ಪನ ಹಂತ್ಯಾಕ ಹೋಗಬ್ಯಾಡ” ಎಂದು ಅವ್ವ ನನ್ನನ್ನು ತಡೆಯುತ್ತಿದ್ದಳು.

ನಾನು ಕಲಬುರಗಿಗೆ ಮನಃಶಾಸ್ತ್ರ ಓದಲು ಹೊರಟಾಗ ಸೋದರಮಾವ, “ಹುಚ್ಚರ ಜೋಡಿ ಕುಂತು ನೀನೂ ಹುಚ್ಚಿ ಆಗ್ತಿ” ಎಂದ. ಅಪ್ಪ ಅರ್ಜಿಗೆ ಸಹಿ ಹಾಕಿದರು.

ಸೇಡಂನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂದು ದಿನ ರೈಲು ಚಾಲಕನೊಬ್ಬ ಬಂದ. ತನ್ನ ಗಾಡಿಗೆ ಮುದುಕನೊಬ್ಬ ಸಿಕ್ಕಿದ್ದನ್ನು ಹೇಳತೊಡಗಿದ. ಬರೆದುಕೊಳ್ಳುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಊರವರನ್ನೆಲ್ಲ ಕೇಳುವ ನಾನು, ಆ ಹೆಣಗಳ ಬಗ್ಗೆ ಅಪ್ಪನನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ವಾರವೇ ಮನೆಗೆ ಹೋದೆ. ನಿವೃತ್ತರಾಗಿದ್ದ ಅಪ್ಪ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು ಕೇಳಿದೆ.

“ಈಗ್ಯಾಕವ್ವ ಅದೆಲ್ಲ?”

ನಾನೂ ತೊಗರಿಯಲ್ಲಿ ಕಲ್ಲು ಆರಿಸತೊಡಗಿದೆ. ಆಮೇಲೆ ಅವರೇ ಹೇಳಿದರು. “ಒಂದು ಹುಡುಗಿ ಇತ್ತು. ನಿನ್ನ ವಾರಗಿದು, ಆಗ ನಿನ್ನಷ್ಟ ಇತ್ತು. ಸಾಲಿಗಿ ಹೋಗಾಕ ಹಳಿ ದಾಟಾಕತ್ತಿತ್ತು. ಚೀಲದಾಗಿನ ಬುತ್ತಿ ಇನ್ನಾ ಬೆಚ್ಚಗಿತ್ತು.”

ಮೊರ ಪಕ್ಕಕ್ಕಿಟ್ಟರು. “ಇವತ್ತು ಸಾಕು. ಮುಂದಿನ ಐತಾರ ಬಾ” ಎಂದರು.

ಆ ಭಾನುವಾರ ಚಿಂಚೋಳಿಯಲ್ಲಿ ಶಿಬಿರವಿತ್ತು. ಮಧ್ಯಾಹ್ನ ಬಿಡುವಾದಾಗ ಫೋನ್ ಮಾಡಿ, ಬರಲು ಆಗುವುದಿಲ್ಲ ಎಂದೆ. “ಆಯ್ತು ಬಿಡವ್ವ, ಕೆಲಸ ನೋಡ್ಕೊ” ಎಂದರು. ಬುಧವಾರ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು.

ಎಂಟು ತಿಂಗಳು ಬದುಕಿದರು. ರಜೆಯ ದಿನಗಳಲ್ಲಿ ಮಂಚದ ಪಕ್ಕ ಕೂರುತ್ತಿದ್ದೆ. ನನ್ನನ್ನು ನೋಡಿ ತುಟಿ ಆಡಿಸುತ್ತಿದ್ದರು. ನೀರೇ, ನೋವೇ ಎಂದು ಕೇಳುತ್ತಾ ಹೋದರೆ, ಅಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚುತ್ತಿದ್ದರು.

ಅಪ್ಪನ ದಿನಕರ್ಮ ಮುಗಿದ ಮೇಲೆ ಅವ್ವ ಹೇಳಿದಳು. “ಆ ಐತಾರ ನಿಮ್ಮಪ್ಪ ಮುಂಜಾನೆನೇ ದಾಡಿ ಮಾಡ್ಕೊಂಡು ಬಾಗಲದಾಗ ಕುಂತಿದ್ದ. ನಿನ್ನ ಫೋನ್ ಬರೂತನಕ ಉಂಡಿಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೇಳಬ್ಯಾಡ ಅಂದಿದ್ದ.”

ಮರುವಾರ ಕೆಲಸಕ್ಕೆ ಹೋದೆ. ಮೊದಲು ಬಂದ ಹೆಂಗಸು ತನಗೆ ನಿದ್ದೆ ಬರುವುದಿಲ್ಲವೆಂದು ಹೇಳುತ್ತಿದ್ದಳು. ಕೇಳುತ್ತಿದ್ದಂತೆ ನನಗೇ ಕಣ್ಣು ತುಂಬಿತು. ಆಕೆ ಮಾತು ನಿಲ್ಲಿಸಿದಳು.

“ನಿಮಗೇನಾಗ್ಯಾದ್ರಿ ಮೇಡಂ?”

“ನಮ್ಮಪ್ಪ ತೀರಿಕೊಂಡ್ರು” ಎಂದೆ.

ಆಕೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.