ಡ್ರಿಲ್ ಮೇಡಂ ಕೊಟ್ಟ ಮೂರು ನೋಟೀಸು

ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯ ಮೈದಾನದಲ್ಲಿ ಸೀಟಿ ಊದಿ, ಸಾಲು ನಿಲ್ಲಿಸಿ, ಎಡ-ಬಲ ಕಲಿಸಿ ನಿವೃತ್ತರಾದವರಿಗೆ ಬೇರೆ ಹೆಸರು ಯಾಕೆ ಬೇಕು? ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವರು ಇಲ್ಲಿಗೆ ಬಂದ ಮೇಲೂ ಡ್ರಿಲ್ ಮೇಡಂ ಆಗಿಯೇ ಉಳಿದರು. ಇಲ್ಲಿ ಎಂದರೆ, ಅರವತ್ತು ದಾಟಿದವರಿಗೆಂದೇ ಕಟ್ಟಿದ ನಲವತ್ತೆರಡು ಮನೆಗಳ ಆವರಣ. ಎರಡು ಸಾಲು ಮನೆ, ನಡುವೆ ಸಿಮೆಂಟಿನ ದಾರಿ, ದಾರಿಯುದ್ದಕ್ಕೂ ಹಿಡಿದುಕೊಂಡು ನಡೆಯಲು ಕಬ್ಬಿಣದ ಕಂಬಿ. ಡ್ರಿಲ್ ಮೇಡಂ ಎಪ್ಪತ್ತೊಂದು ದಾಟಿದ್ದರೂ ಆ ಕಂಬಿಯನ್ನು ಒಂದು ದಿನವೂ ಮುಟ್ಟಿದವರಲ್ಲ. ಬೆನ್ನು ನೆಟ್ಟಗೆ, ಹೆಜ್ಜೆ ಖಡಕ್ಕು, ಮಾತು ಅದಕ್ಕಿಂತ ಖಡಕ್ಕು.

ಅವರೊಂದಿಗೆ ಇದ್ದವಳು ತಂಗಿ. ಇಬ್ಬರಿಗೂ ನಾಲ್ಕು ವರ್ಷದ ಅಂತರ. ತಾಯಿ ಹೋದಾಗ ಅಕ್ಕನಿಗೆ ಹನ್ನೊಂದು, ತಂಗಿಗೆ ಏಳು. ಅಂದಿನಿಂದ ಅಕ್ಕನೇ ತಂಗಿಯ ತಲೆ ಬಾಚಿದ್ದು, ಮಣಿಕಟ್ಟು ಹಿಡಿದು ಶಾಲೆಗೆ ಎಳೆದೊಯ್ದದ್ದು, "ಕೈ ಬಿಟ್ಟೆಯೋ, ಕಾಲು ಮುರೀತೀನಿ" ಎಂದು ಗದರಿದ್ದು. ತಾವು ಮದುವೆಯಾಗಲಿಲ್ಲ. ತಂಗಿಗೆ ಮಾತ್ರ ಗಡಿಯಾರ ರಿಪೇರಿ ಮಾಡುವ ಸಾಧು ಮನುಷ್ಯನೊಬ್ಬನನ್ನು ಹುಡುಕಿ ಮದುವೆ ಮಾಡಿದರು. ಆತ ತೀರಿಕೊಂಡ ವಾರಕ್ಕೆಲ್ಲ, "ಇನ್ನೆಲ್ಲಿ ಹೋಗ್ತೀಯ? ಬಾ ನನ್ನ ಹತ್ರ" ಎಂದು ಕರೆದುಕೊಂಡು ಬಂದವರೂ ಅವರೇ. ತಂಗಿ ಬಂದದ್ದು ಒಂದು ಟ್ರಂಕು, ಒಂದು ಗೋಡೆ ಗಡಿಯಾರ, ಪೋಲಿ ಎಂಬ ಹೆಸರಿನ ಒಂದು ನಾಯಿಯೊಂದಿಗೆ.

ಪೋಲಿ ಮರಿಯಾಗಿದ್ದಾಗ ಪೋಲಿಯೇ ಆಗಿದ್ದಿರಬಹುದು. ಈಗ ಅದಕ್ಕೆ ಹನ್ನೆರಡು ವರ್ಷ. ಕಿವಿ ಮಂದ, ಹಿಂಗಾಲು ಸೋತಿದ್ದವು. ತಂಗಿಯ ಸೀರೆಯ ನೆರಿಗೆಗೆ ಮೂಗು ತಾಗಿಸಿಕೊಂಡೇ ನಡೆಯುತ್ತಿತ್ತು. ಬಾರು ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ.

ಆದರೆ ಬಾರು ಕಟ್ಟಲೇಬೇಕೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಮನೆಯ ಅಜ್ಜಿಯ ಮೇಲೆ ಯಾರದೋ ದೊಡ್ಡ ನಾಯಿ ಪ್ರೀತಿಯಿಂದಲೇ ಹಾರಿ, ಆಕೆ ಬಿದ್ದು, ಸೊಂಟದ ಮೂಳೆ ಮುರಿದು, ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಆಮೇಲೆ ಸಮಿತಿ ಕೂತು ಬರೆಯಿತು: ಹೊಸ್ತಿಲು ದಾಟಿದ ಕ್ಷಣದಿಂದ ನಾಯಿಯ ಕೊರಳಪಟ್ಟಿಗೆ ಬಾರಿನ ಕೊಂಡಿ ಸಿಕ್ಕಿಸಿರಬೇಕು, ಬಾರು ಆರಡಿ ಮೀರಬಾರದು, ತಪ್ಪಿದರೆ ನೋಟೀಸು, ಮೂರು ನೋಟೀಸಾದರೆ ಏಳು ದಿನದೊಳಗೆ ನಾಯಿ ಆವರಣದಿಂದ ಹೊರಗೆ. ಇದನ್ನು ನೋಡಿಕೊಳ್ಳುವವರು ಯಾರು ಎಂದಾಗ ಎಲ್ಲರ ಕಣ್ಣೂ ಒಬ್ಬರ ಕಡೆಗೇ ತಿರುಗಿತು. ಡ್ರಿಲ್ ಮೇಡಂ ಮನೆಗೆ ಹೋಗಿ ಪೆಟ್ಟಿಗೆಯಿಂದ ಹಳೇ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಉಕ್ಕಿನ ಅಳತೆ ಟೇಪೊಂದನ್ನೂ ಕೊಂಡರು.

ಮೊದಲ ಬಲಿ ಕಂಡಕ್ಟರನದು. ಬಸ್ಸಿನಲ್ಲಿ ಜೀವಮಾನವಿಡೀ ನಿಂತೇ ಕಳೆದ ಆ ಮನುಷ್ಯ, ಹೆಂಡತಿ ಹೋದ ಮೇಲೆ ಒಂದು ಕಂದು ನಾಯಿ ಸಾಕಿಕೊಂಡು ಒಂಟಿಯಾಗಿದ್ದ. ಅವನ ಬಾರು ಏಳಡಿ ಎರಡಂಗುಲ. ಎರಡು ಸಲ ಅಳೆದರು, ಎರಡು ನೋಟೀಸು. ಮೂರನೆಯ ಸಲ ನಾಯಿ ಅವನ ಕೈ ಜಾರಿಸಿಕೊಂಡು ಓಡಿತು. ಏಳನೇ ದಿನ ಮಗಳು ಬಂದು ನಾಯಿಯನ್ನು ಕರೆದೊಯ್ದಳು.

ಇತ್ತ ಮನೆಯೊಳಗೆ ಒಂದು ಸಂಗತಿ ಇತ್ತು. ಅದು ಅಕ್ಕ-ತಂಗಿಯನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಬಾರಿನ ಕೊಂಡಿಯನ್ನು ತಂಗಿ ಹಾಕಲಾರಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾಜಾ ಹೊಲಿದು, ಗುಂಡಿ ಹಚ್ಚಿ, ಅವಳ ಹೆಬ್ಬೆರಳ ಗಿಣ್ಣುಗಳು ಗಂಟುಕಟ್ಟಿದ್ದವು. ಕೊಂಡಿಯ ಪುಟ್ಟ ಗುಬುಟನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದರೆ ಮಾತ್ರ ಬಾಯಿ ತೆರೆಯುತ್ತದೆ. ಅಷ್ಟು ಕಸುವು ಆ ಬೆರಳಲ್ಲಿ ಉಳಿದಿರಲಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೆ ಡ್ರಿಲ್ ಮೇಡಂ ತಾವೇ ಮಂಡಿಯೂರಿ ಟಕ್ಕೆಂದು ಕೊಂಡಿ ಸಿಕ್ಕಿಸಿ, "ಹೂಂ, ನಡಿ" ಎನ್ನುತ್ತಿದ್ದರು. ಸಂಜೆಯೂ ಹಾಗೇ. ಅದರಲ್ಲಿ ಅವರಿಗೊಂದು ಸುಖವಿತ್ತು. ಅರವತ್ತೇಳರ ತಂಗಿ ಇನ್ನೂ ಅವರ ಕೈಯಿಂದಲೇ ಸಿದ್ಧಳಾಗಿ ಹೊರಗೆ ಹೋಗುತ್ತಿದ್ದಳು.

ಆ ತಿಂಗಳ ಸಭೆಯಲ್ಲಿ ಕಂಡಕ್ಟರ್ ಎದ್ದು ನಿಂತ. "ಮೇಡಂ, ನಿಮ್ಮ ತಂಗಿಯವರ ಬಾರು ನೆಲದ ಮೇಲೆ ಎಳೀತಾ ಇರುತ್ತೆ, ಅರ್ಧ ಸಲ ಅವರ ಕೈಯಲ್ಲೇ ಇರಲ್ಲ. ಅದಕ್ಕೆ ಒಂದು ನೋಟೀಸೂ ಇಲ್ಲ. ನಿಮ್ಮನೆಗೆ ಬೇರೆ ಕಾನೂನಾ?" ನಾಲ್ಕಾರು ಜನ ಕಿಸಕ್ಕೆಂದರು. ಡ್ರಿಲ್ ಮೇಡಂ ಹಲ್ಲು ಕಚ್ಚಿಕೊಂಡು, "ಕಾನೂನು ಎಲ್ಲರಿಗೂ ಒಂದೇ" ಎಂದು ಕೂತರು.

ಅಷ್ಟಕ್ಕೇ ನಿಂತಿದ್ದರೆ ಮರೆಯುತ್ತಿದ್ದರೋ ಏನೋ. ಮೂರು ದಿನದ ನಂತರ ಸಂಜೆ ಬೇಲಿಗಿಡದ ಮರೆಯಲ್ಲಿ ಬರುತ್ತಿರುವಾಗ ಆಚೆ ಬೆಂಚಿನಿಂದ ನಗು ಕೇಳಿತು. ಇಣುಕಿದರು. ಐದಾರು ಹೆಂಗಸರ ನಡುವೆ ತಂಗಿ ಎದ್ದು ನಿಂತು, ಎದೆ ಸೆಟೆಸಿ, ಗಲ್ಲ ಎತ್ತಿ, ಬಾಯಲ್ಲೇ ಪೀ ಪೀ ಎಂದು ಸೀಟಿ ಊದುತ್ತಾ, "ಏಯ್ ನಾಯಿ! ಬಾಲ ನೇರ! ಎಡ ಕಾಲು ಮುಂದೆ!" ಎನ್ನುತ್ತಿದ್ದಳು. ಅಚ್ಚು ಇಳಿಸಿದಂತೆ ಅಕ್ಕನೇ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ, "ಅಯ್ಯೋ, ಆ ಮನೆಯಲ್ಲಿ ಹೆಂಗಿದೀಯೇ?" ಎಂದಳು. ತಂಗಿ ಏನೋ ಹೇಳಿದಳು, ಅದು ಕೇಳಿಸಲಿಲ್ಲ. "ಒಳ್ಳೆಯವಳು ಕಣ್ರೇ ನಮ್ಮಕ್ಕ" ಎಂದಿದ್ದಳಂತೆ. ಅದು ಡ್ರಿಲ್ ಮೇಡಂ ಕಿವಿಗೆ ಬಿದ್ದದ್ದು ಎಷ್ಟೋ ತಿಂಗಳಾದ ಮೇಲೆ.

ಅವರು ಬಂದ ದಾರಿಯಲ್ಲೇ ಹಿಂತಿರುಗಿದರು. ರಾತ್ರಿ ಊಟಕ್ಕೆ ಕೂತಾಗ ತಂಗಿಯ ತಟ್ಟೆಗೆ ತಾವೇ ಬಡಿಸಿದರು.

ಮರುದಿನ ಆರಕ್ಕೆ ತಂಗಿ ಬಾರು ಹಿಡಿದು ಬಂದಳು. "ಅಕ್ಕಾ, ಕೊಂಡಿ ಹಾಕಿಕೊಡು."

ಡ್ರಿಲ್ ಮೇಡಂ ಕಿಟಕಿಯ ಬಳಿ ನಿಂತು ತೋಳು ತಿರುಗಿಸುತ್ತಿದ್ದರು. "ವ್ಯಾಯಾಮದ ನಡುವೆ ಬಗ್ಗಬಾರದು. ನೀನೇ ಹಾಕ್ಕೋ."

"ನನ್ನ ಕೈಲಿ ಆಗುತ್ತಾ ಅದು? ತಮಾಷೆ ಮಾಡ್ತೀಯಾ?"

"ಪ್ರಯತ್ನ ಮಾಡು. ಎಲ್ಲದಕ್ಕೂ ನಾನೇ ಬೇಕಾ?"

ತಂಗಿ ನೆಲಕ್ಕೆ ಕೂತಳು. ಹೆಬ್ಬೆರಳು ಜಾರಿತು. ಎರಡೂ ಕೈ ಹಾಕಿದಳು, ಹಲ್ಲು ಹಾಕಿದಳು. ಪೋಲಿ ಬಾಗಿಲು ಕೆರೆಯತೊಡಗಿತು. ಒಳಗೆ ಗಲೀಜು ಮಾಡಿದರೆ ಅದಕ್ಕೊಂದು ರಾಮಾಯಣ. ಕೊನೆಗೆ ಬಾರನ್ನು ಅದರ ಕತ್ತಿನ ಮೇಲೆ ಸುಮ್ಮನೆ ಇಳಿಬಿಟ್ಟು ಹೊರಟಳು. ಡ್ರಿಲ್ ಮೇಡಂ ಮೂವತ್ತು ಹೆಜ್ಜೆ ಹೋಗಲು ಬಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿ, ನೋಟೀಸು ಪುಸ್ತಕ ಹಿಡಿದು ಹೊರಬಂದು ಸೀಟಿ ಊದಿದರು.

ತಂಗಿ ತಿರುಗಿ ನೋಡಿ ಮೊದಲು ನಕ್ಕಳು. ಚೀಟಿ ಹರಿದು ಕೈಗಿಟ್ಟಾಗಲೂ ತುಟಿಯ ಮೇಲೆ ಆ ನಗು ಹಾಗೇ ಇತ್ತು. ಚೀಟಿ ಓದಿದ ಮೇಲೆ ಇರಲಿಲ್ಲ.

"ನಿನ್ನೆ ಬೆಂಚಿನ ಹತ್ರ ಬಂದಿದ್ಯಾ?" ಎಂದು ಮೆಲ್ಲಗೆ ಕೇಳಿದಳು.

"ಯಾವ ಬೆಂಚು?" ಎಂದರು ಡ್ರಿಲ್ ಮೇಡಂ.

ಅಂದಿನಿಂದ ತಂಗಿ ಅಕ್ಕನನ್ನು ಕೇಳಲಿಲ್ಲ. ಗೇಟಿನ ಕಾವಲುಗಾರನ ಹತ್ತಿರ ಹೋಗಿ ಕೊಂಡಿ ಹಾಕಿಸಿಕೊಳ್ಳತೊಡಗಿದಳು. ಮನೆಯಿಂದ ಗೇಟಿಗೆ ನೂರಾ ಹತ್ತು ಹೆಜ್ಜೆ. ಡ್ರಿಲ್ ಮೇಡಂ ಎಣಿಸಿಯೇ ಬರೆದರು: 'ನೂರಾ ಹತ್ತು ಹೆಜ್ಜೆ ಬಾರಿಲ್ಲದೆ.' ಎರಡನೇ ನೋಟೀಸು.

ಆವರಣದಲ್ಲಿ ಸುದ್ದಿ ಹಬ್ಬಿತು. ಸ್ವಂತ ತಂಗಿಯನ್ನೂ ಬಿಡಲಿಲ್ಲ ಎಂದು ಕೆಲವರು ಹೊಗಳಿದರು. ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಸರ್ವೇಯರ್ ದಾರಿಯಲ್ಲಿ ನಿಲ್ಲಿಸಿ ಕೈಮುಗಿದರು. ಆದರೆ ಕಾವಲುಗಾರನಿಂದ ಕೊಂಡಿಯ ಸಂಗತಿ ತಿಳಿದ ಕಂಡಕ್ಟರನಿಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ಬಂದು ನಿಂತು, "ಅಮ್ಮಾ, ನನ್ನ ಬಾಯಿಂದ ಆಗಿದ್ದು ಇದು. ಕೊಂಡಿ ನಾನು ಹಾಕಿಕೊಡ್ತೀನಿ" ಎಂದ. ಹೊಸ್ತಿಲ ಒಳಗೇ ಕೂತು ಹಾಕಿಕೊಟ್ಟ. ಬಿಚ್ಚುವುದಕ್ಕೂ ಬಂದ, ಸಂಜೆಗೂ ಬಂದ. ಹೀಗೆ ಹನ್ನೊಂದು ದಿನ. ಡ್ರಿಲ್ ಮೇಡಂ ಆ ಹನ್ನೊಂದು ದಿನವೂ ಕಿಟಕಿಯಲ್ಲಿ ನಿಂತು ನೋಡಿದರು. ಆ ಇಬ್ಬರೂ ಮೆಲುದನಿಯಲ್ಲಿ ಏನೋ ಆಡಿಕೊಂಡು ನಕ್ಕಾಗಲೆಲ್ಲ ಅವರ ಮೈ ಉರಿಯುತ್ತಿತ್ತು.

ಹನ್ನೆರಡನೇ ದಿನ ತಂಗಿ ಬಚ್ಚಲಲ್ಲಿದ್ದಳು. ಬಾಗಿಲು ತಟ್ಟಿದ ಸದ್ದಿಗೆ ಡ್ರಿಲ್ ಮೇಡಂ ಹೋದರು.

"ಅವಳಿಗೆ ಜ್ವರ. ಮಲಗಿದಾಳೆ. ಇವತ್ತು ಬರಬೇಡಿ."

"ನಾಯಿ?"

"ನಾಯಿ ನಾನು ನೋಡ್ಕೋತೀನಿ."

ಕಂಡಕ್ಟರ್ ಹೋದ. ತಂಗಿ ಬಂದು ಹೊಸ್ತಿಲಲ್ಲಿ ಕೂತು ಕಾದಳು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಪೋಲಿ ಕುಂಯ್ಗುಟ್ಟಿತು. ಅದರ ಹಿಂಗಾಲು ನಡುಗುತ್ತಿತ್ತು. ಒಳಗೆ ಡ್ರಿಲ್ ಮೇಡಂ ಕಾಫಿ ಕುಡಿಯುತ್ತಿದ್ದರು. ತಂಗಿ ಅತ್ತ ತಿರುಗಿಯೂ ನೋಡಲಿಲ್ಲ. ನಾಯಿಯ ಕೊರಳಪಟ್ಟಿಯನ್ನೇ ಕೈಯಲ್ಲಿ ಹಿಡಿದು, ಬಗ್ಗಿದ ಬೆನ್ನಲ್ಲೇ ಮೆಟ್ಟಿಲಿಳಿದು, ಎದುರಿನ ಮಣ್ಣಿನ ತನಕ ಹೋದಳು. ಹದಿನಾಲ್ಕು ಹೆಜ್ಜೆ ಇರಬಹುದು. ಅವಳು ತಲೆ ಎತ್ತುವಷ್ಟರಲ್ಲಿ ಸೀಟಿ ಕೇಳಿತು.

ಸಭೆಯಲ್ಲಿ ಕಂಡಕ್ಟರ್ ಗಂಟಲು ಹರಿಯುವಂತೆ ಕೂಗಿದ. "ಜ್ವರ ಅಂತ ಹೇಳಿ ನನ್ನ ವಾಪಸು ಕಳಿಸಿದ್ದು ಈಯಮ್ಮ! ಬೇಕಂತಲೇ!"

"ನಾನು ಹಾಗೆ ಹೇಳೇ ಇಲ್ಲ. ಅವತ್ತು ಇವರು ಬಂದೇ ಇಲ್ಲ," ಎಂದರು ಡ್ರಿಲ್ ಮೇಡಂ. ಧ್ವನಿ ಒಂದಿಷ್ಟೂ ಅಲುಗಲಿಲ್ಲ.

ಅಧ್ಯಕ್ಷರು ತಂಗಿಯ ಕಡೆ ತಿರುಗಿದರು. "ನೀವೇನು ಹೇಳ್ತೀರಮ್ಮ?"

ಅವಳು ಬಹಳ ಹೊತ್ತು ಅಕ್ಕನ ಮುಖವನ್ನೇ ನೋಡಿದಳು. ಸುಳ್ಳು ಹೇಳುವಾಗ ಆ ಮುಖ ಹೇಗಿರುತ್ತದೆಂದು ಅರವತ್ತು ವರ್ಷದಲ್ಲಿ ನೋಡಿರಲಿಲ್ಲವೇನೋ. "ಕೊಂಡಿ ಹಾಕಿರಲಿಲ್ಲ. ಅದು ನಿಜ," ಎಂದಳು. ಏಳು ದಿನ ಎಂದು ಬರೆದುಕೊಂಡರು.

ಡ್ರಿಲ್ ಮೇಡಂ ಎಲ್ಲವನ್ನೂ ಮೊದಲೇ ಯೋಚಿಸಿದ್ದರು. ಊರಾಚೆ ಮರ ಕೊಯ್ಯುವ ಮಿಲ್ಲಿನವನಿಗೆ ನಾಯಿ ಬೇಕಿತ್ತು. ಸರಪಳಿ ಹಾಕಿ ಕಟ್ಟುತ್ತಾನೆ, ಊಟ ಹಾಕುತ್ತಾನೆ. ನಾಯಿ ಹೋದರೆ ತಂಗಿ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಐದನೇ ದಿನ ಸರಿಹೋಗುತ್ತಾಳೆ, ಚಿಕ್ಕಂದಿನಿಂದಲೂ ಹಾಗೇ. ಮೂರು ದಿನ ಬಿಟ್ಟು ಮಿಲ್ಲಿನ ಮಾತೆತ್ತಿದಾಗ ತಂಗಿ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಆರನೇ ದಿನ ಬೆಳಗ್ಗೆ ಅವಳು ಪೋಲಿಗೆ ಸ್ನಾನ ಮಾಡಿಸಿ, ಒರೆಸಿ, ಬಾರು ಹಿಡಿದು ಅಕ್ಕನೆದುರು ಬಂದು ನಿಂತಳು.

"ಅಕ್ಕಾ, ಕೊಂಡಿ ಹಾಕಿಕೊಡು."

ಡ್ರಿಲ್ ಮೇಡಂ ಎದೆ ತುಂಬಿ ಬಂತು. ದಾರಿಗೆ ಬಂದಳು ಎಂದುಕೊಂಡರು. ಮಂಡಿಯೂರಿ ಟಕ್ಕೆಂದು ಸಿಕ್ಕಿಸಿ, ಎಂದೂ ಇಲ್ಲದ್ದು ನಾಯಿಯ ತಲೆಯನ್ನೂ ಸವರಿದರು. "ಮಿಲ್ಲಿಗೆ ನಾನೂ ಬರ್ಲಾ?"

"ಬೇಡ. ಕಂಡಕ್ಟರ್ ಬರ್ತಾರೆ."

ಮಧ್ಯಾಹ್ನ ಅವಳು ವಾಪಸು ಬಂದಾಗ ಕೈಯಲ್ಲಿ ಬರೀ ಬಾರಿತ್ತು, ಕೊನೆಯಲ್ಲಿ ಕೊರಳಪಟ್ಟಿ ನೇತಾಡುತ್ತಿತ್ತು.

"ಮಿಲ್ಲಿನವನು ಪಟ್ಟಿ ಬೇಡ ಅಂದನಾ?" ಎಂದು ಕೇಳಿದರು ಡ್ರಿಲ್ ಮೇಡಂ.

"ಮಿಲ್ಲಿಗೆ ಹೋಗಲಿಲ್ಲ. ಪ್ರಾಣಿಗಳ ಡಾಕ್ಟರ ಹತ್ರ ಹೋಗಿದ್ವಿ. ಸೂಜಿ ಹಾಕಿಸಿದೆ. ನನ್ನ ಕಾಲ ಮೇಲೆ ತಲೆ ಇಟ್ಕೊಂಡೇ ಹೋಯ್ತು. ಹನ್ನೆರಡು ವರ್ಷ ನನ್ನ ಮಂಚದ ಕೆಳಗೆ ಮಲಗಿದ್ದು, ಕೊನೆಗಾಲಕ್ಕೆ ಯಾರದೋ ಸರಪಳೀಲಿ ಯಾಕೆ ನರಳಬೇಕು?" ಅವಳು ಬಾರನ್ನು ಮೇಜಿನ ಮೇಲೆ ಸುರುಳಿ ಸುತ್ತಿಟ್ಟಳು. "ಅಳೆದು ನೋಡಿ, ಮೇಡಂ. ಆರಡಿ ಸರಿಯಾಗಿದೆ."

ಡ್ರಿಲ್ ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಅವಳು ಯಾರನ್ನು ಮೇಡಂ ಎನ್ನುತ್ತಿದ್ದಾಳೆ ಎಂದು ಹಿಂದೆ ತಿರುಗಿಯೂ ನೋಡಿದರು.

ತಂಗಿ ಮನೆ ಬಿಟ್ಟು ಹೋಗಲಿಲ್ಲ. ಹೋಗಲು ಜಾಗ ಎಲ್ಲಿತ್ತು? ಅದೇ ಕೋಣೆ, ಅದೇ ಊಟದ ಮೇಜು. ಅಡುಗೆ ಮಾಡಿದಳು, ಬಟ್ಟೆ ಒಣಹಾಕಿದಳು. "ಊಟ ಆಗಿದೆ, ಮೇಡಂ." "ಲೈಟಿನವನು ಬಂದಿದ್ದ, ಮೇಡಂ." ಸಿಟ್ಟಿಲ್ಲ, ಅಳುವಿಲ್ಲ. ಸಂಜೆ ಬೆಂಚಿಗೆ ಹೋಗುವುದನ್ನು ಅವಳು ಬಿಟ್ಟಳು. ಬೆಂಚಿನ ಹೆಂಗಸರು ಈ ಮನೆಗೆ ಬರುವುದನ್ನು ಬಿಟ್ಟರು. ನಾಲ್ಕನೇ ದಿನ ಕಳೆಯಿತು, ಐದನೇ ದಿನ ಕಳೆಯಿತು, ಎರಡು ತಿಂಗಳೂ ಕಳೆಯಿತು. ಒಮ್ಮೆ ಡ್ರಿಲ್ ಮೇಡಂ ತಟ್ಟೆ ತಳ್ಳಿ, "ಏಯ್, ಸಾಕು ಮಾಡೇ! ಅಕ್ಕ ಅನ್ನು!" ಎಂದು ಕಿರುಚಿದರು. ತಂಗಿ ಚೆಲ್ಲಿದ ಅನ್ನವನ್ನು ಬಳಿದು ತೆಗೆದು, "ಇನ್ನೊಂದು ತಟ್ಟೆ ತರಲಾ, ಮೇಡಂ?" ಎಂದಳು.

ವರ್ಷ ತುಂಬುವ ಹೊತ್ತಿಗೆ ಬಾರಿನ ನಿಯಮ ನೋಡಿಕೊಳ್ಳಲು ಸಮಿತಿ ಡ್ರಿಲ್ ಮೇಡಂ ಅವರನ್ನೇ ಮತ್ತೆ ಅವಿರೋಧವಾಗಿ ಆರಿಸಿತು. ಆವರಣದಲ್ಲಿ ಉಳಿದಿದ್ದದ್ದು ಎರಡೇ ನಾಯಿ. ಎರಡರ ಬಾರೂ ಐದೂವರೆ ಅಡಿ.

ಆ ಬೇಸಗೆಯಲ್ಲಿ ಡ್ರಿಲ್ ಮೇಡಂಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಜೊತೆಗೊಬ್ಬರು ಇರಲೇಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ತಂಗಿ ಹೋದಳು. ನರ್ಸ್ ಫಾರಂ ತಂದು, "ಇಲ್ಲಿ ಸೈನ್ ಮಾಡಿ. ಇವರು ನಿಮಗೇನಾಗಬೇಕು?" ಎಂದು ಕೇಳಿದಳು.

ತಂಗಿ ಪೆನ್ನನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ನಿಧಾನವಾಗಿ ಸೈನ್ ಮಾಡಿದಳು. "ಏನೂ ಆಗಬೇಕಿಲ್ಲ. ಒಂದೇ ಮನೇಲಿದ್ದೀವಿ."

ಪಕ್ಕದ ಕುರ್ಚಿಯಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತಿದ್ದ ಡ್ರಿಲ್ ಮೇಡಂ ತಿದ್ದಲು ಬಾಯಿ ತೆರೆದರು. ನರ್ಸ್ ಏನೋ ಬರೆದುಕೊಂಡು ಹೋದಳು.

ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕಿತ್ತು. ತಂಗಿ ಪುಟ್ಟ ಶೀಶೆಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಗೋಡೆ ಗಡಿಯಾರ ನೋಡಿ, ಸರಿಯಾದ ಹೊತ್ತಿಗೆ ಸರಿಯಾಗಿ ಒಂದೊಂದೇ ಹನಿ ಹಾಕಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರನೇ ದಿನ ಮುಖದ ಮೇಲೆ ಬಗ್ಗಿದ ಅವಳ ಸೆರಗನ್ನು ಡ್ರಿಲ್ ಮೇಡಂ ಗಟ್ಟಿಯಾಗಿ ಹಿಡಿದುಕೊಂಡರು.

"ಇನ್ನೂ ಎಷ್ಟು ದಿನ ಹೀಗೆ?"

ತಂಗಿ ಸೆರಗು ಬಿಡಿಸಿಕೊಂಡಳು. "ಡಾಕ್ಟರ್ ಮೂರು ವಾರ ಅಂದಿದ್ದಾರೆ, ಮೇಡಂ. ಕಣ್ಣು ಮುಚ್ಚಿ."