ಬಾಜೂಮನೆ ಕಾಕೂನ ನೀರು

ಮೊನ್ನೆ ಸಂಜೆ ನಮ್ಮ ಓಣಿಗೆ ಸೊಳ್ಳೆ ಹೊಗೆಯ ಗಾಡಿ ಬಂದಿತ್ತು. ಡೀಸೆಲ್ಲಿನ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂಮನೆಯ ಕಾಕೂ ನೆನಪಾದಳು. ಸತ್ತವರನ್ನು ನೆನೆದರೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ನನಗೆ ಹಲ್ಲು ಬಿಗಿಯಿತು...

ಜತ್ತ ತಾಲೂಕಿನ ನಮ್ಮೂರು ಸಂಖದಲ್ಲಿ ನಮ್ಮೆರಡು ಮನೆಗಳ ನಡುವೆ ಒಂದು ಮೋಟುಗೋಡೆ. ಅದರಾಚೆ ಕಾಕೂ ಸಾಲಾಗಿ ನೀರಿನ ಡ್ರಮ್ಮು ಇಟ್ಟಿದ್ದಳು. ಒಂದಕ್ಕೂ ಮುಚ್ಚಳವಿಲ್ಲ. ಟ್ಯಾಂಕರ್ ಬಂದರೆ ಎಲ್ಲರಿಗಿಂತ ಮೊದಲು ಆಕೆಯ ಪೈಪೇ ಬೀಳಬೇಕು. ಪಾಳಿ ಅಂತ ಬಾಯಿ ತೆರೆದವರ ಏಳು ತಲೆಮಾರು ಜಾಲಾಡುತ್ತಿದ್ದಳು.

ಡೆಂಗ್ಯೂ ಅಂದರೆ ಶಹರದ ರೋಗ ಅಂದುಕೊಂಡಿದ್ದೆವು. ಮಳೆಯೇ ನೆಟ್ಟಗೆ ಬೀಳದ ನಮ್ಮ ಕಡೆ ಎಂಥ ಸೊಳ್ಳೆ? ತುಂಬಿಟ್ಟ ನೀರೇ ಅದಕ್ಕೆ ತವರುಮನೆ ಅಂತ ತಿಳಿದದ್ದು ಆ ವರ್ಷ, ಪಕ್ಕದೂರು ಸೋನ್ಯಾಳದ ಕಡೆಯಿಂದ ಜ್ವರ ನಮ್ಮೂರಿಗೂ ಬಂದಾಗ. ಸರಕಾರಿ ದವಾಖಾನೆಯ ಸಿಸ್ಟರ್ ಮನೆಮನೆ ತಿರುಗಿದಳು. ಕಾಕೂನ ಡ್ರಮ್ಮಿಗೆ ಬ್ಯಾಟರಿ ಬೆಳಕು ಬಿಟ್ಟು, ಒಳಗೆ ಮಿಸುಕಾಡುವ ಹುಳಗಳನ್ನು ನಮಗೆಲ್ಲ ತೋರಿಸಿದಳು. ಚೆಲ್ಲಿ, ತಿಕ್ಕಿ, ಒಣಗಿಸಿ, ಆಮೇಲೆ ಬಟ್ಟೆ ಕಟ್ಟಿ ಅಂದಳು. ಕಾಕೂ ಬಡಿಗೆ ಹಿಡಿದು ಅಡ್ಡ ನಿಂತಳು.

"ಚೆಲ್ಲಂತೀರಿ. ನಾಳಿ ಕುಡೀಲಾಕ ನೀವ ತಂದ ಕೊಡ್ತೀರೇನ್ರಿ?"

ಸಿಸ್ಟರ್ ಹೊರಟುಹೋದಳು. ಚೆಲ್ಲದಿದ್ದರೆ ಬೇಡ, ಮುಚ್ಚಿಯಾದರೂ ಇಡಲಿ ಅಂತ ನಾನು ಹಳೇ ಸೀರೆ ಹರಿದು ಗೋಡೆ ಮೇಲಿಟ್ಟೆ. ಆಕೆ ಅದನ್ನು ನಮ್ಮ ಅಂಗಳಕ್ಕೇ ಒಗೆದಳು. ಮದುವೆಯಾಗಿ ಬಂದಾಗಿನಿಂದ ನನ್ನ ಕಣ್ಣು ಆಕೆಯ ನೀರಿನ ಮೇಲೇ ಇದೆಯಂತೆ.

ಮುಂದಿನ ವಾರ ನನ್ನ ಮಗಳು ಮಲಗಿದಳು. ಮೈ ಕಾದ ಹಂಚು. ಒಸಡಿನಿಂದ ರಕ್ತ. ಮಿರಜಿನ ದೊಡ್ಡ ದವಾಖಾನೆಗೆ ಒಯ್ದೆವು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋದವು. ಮಗಳ ಹತ್ತಿರ ನನ್ನ ಗಂಡನನ್ನು ಕೂರಿಸಿ, ಬಟ್ಟೆ ಒಯ್ಯಲು ನಾನೊಬ್ಬಳೇ ಊರಿಗೆ ಬಂದೆ. ನಮ್ಮ ಮನೆ ಬೀಗ ತೆಗೆಯಲಿಲ್ಲ. ಸೀದಾ ಕಾಕೂನ ಹಿತ್ತಲಿಗೆ ನುಗ್ಗಿ ಡ್ರಮ್ಮುಗಳನ್ನು ಒಂದೊಂದಾಗಿ ಕೆಡವಿದೆ. ಈಗಲೂ ಅದು ತಪ್ಪು ಅನ್ನಿಸುವುದಿಲ್ಲ.

ಕಾಕೂ ಹೊಸ್ತಿಲ ಮೇಲೆ, ಆ ಬಿಸಿಲಲ್ಲಿ, ಕೌದಿ ಹೊದ್ದು ಕೂತಿದ್ದಳು. ಏಳಲಿಲ್ಲ. ಬಡಿಗೆ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

"ಚೆಲ್ಲ ಯವ್ವ, ಚೆಲ್ಲು. ನನಗೂ ಈಗ ನೀರ ಸೇರವಲ್ದು," ಅಂದಳು.

ಅಣಕಿಸುತ್ತಾಳೆ ಅಂದುಕೊಂಡೆ.

"ನನ್ನ ಮಗಳಿಗಿ ಏನರ ಆತಂದ್ರ ನಿಮ್ಮನ್ನ ಬಿಡಂಗಿಲ್ರಿ ಕಾಕೂ," ಅಂದು, ಆಮೇಲೆ ನಮ್ಮ ಮನೆ ಬೀಗ ತೆಗೆದು, ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸು ಹಿಡಿದೆ.

ಮಗಳು ಉಳಿದಳು. ಊರಿಗೆ ಬಂದಾಗ ಬಾಜೂಮನೆಗೆ ಬೀಗ. ಓಣಿಯವರು ಹೇಳಿದರು: ನಾನು ಡ್ರಮ್ಮು ಕೆಡವಿದ ದಿನವೇ ಕಾಕೂನ ಮೈಯಲ್ಲಿ ಜ್ವರ ಇತ್ತಂತೆ. ಹೇಳಿಕೊಂಡರೆ ಎಲ್ಲರೂ ತನ್ನ ಡ್ರಮ್ಮಿನತ್ತಲೇ ಬೆರಳು ಮಾಡುತ್ತಾರೆ ಅಂತ ಮಗನಿಗೂ ಹೇಳಲಿಲ್ಲವಂತೆ. ಮೂಗಿನಿಂದ ರಕ್ತ ಇಳಿದ ಮೇಲೆ ಮಗ ಜೀಪು ಮಾಡಿದ. ಜತ್ತ ದಾಟುವುದರೊಳಗೆ ಹೋಗಿಬಿಟ್ಟಳು...

ಯಾವ ಸೊಳ್ಳೆ ಯಾವ ಡ್ರಮ್ಮಿನದು ಅಂತ ಯಾರೂ ಹೇಳಲಾರರು. ನನ್ನ ಮಟ್ಟಿಗೆ ನಾನು ತೀರ್ಮಾನಿಸಿದ್ದೇನೆ. ಜ್ವರ ಮುಚ್ಚಿಟ್ಟ ಹೆಂಗಸು ನೀರು ಮುಚ್ಚಲಿಲ್ಲ. ಹೇಗೆ ಮಾಫ್ ಮಾಡಲಿ?

ಈಗ ಆ ಮನೆಯಲ್ಲಿ ಸೊಸೆ ಇದ್ದಾಳೆ. ಮಿದು ಮಾತಿನವಳು. ಟ್ಯಾಂಕರ್ ಬಂದರೆ ಪಾಳಿ ಬರುವ ತನಕ ಸುಮ್ಮನೆ ನಿಲ್ಲುತ್ತಾಳೆ. ನನ್ನ ಕೊಡಗಳು ಲಗೂನ ತುಂಬುತ್ತವೆ. ಸಿಟ್ಟು ಮಾತ್ರ ಇನ್ನೂ ಆರಿಲ್ಲ... ಬೈದರೆ ತಿರುಗಿ ಬೈಯಲು ಗೋಡೆಯಾಚೆ ಆಕೆಯಿಲ್ಲ.